ಜಟಕಾ ಕುದುರೆಯ ಪಾಠಶಾಲೆ



ಕೋಲಾರ ಎಂದರೆ ಕೋಲಾರಮ್ಮನ ಗುಡಿ ಮತ್ತು ಅಂತರಗಂಗೆ. ಮಾಲೂರು ಎಂದರೆ ಹೆಂಚು, ಇಟ್ಟಿಗೆ. ಮುಳಬಾಗಿಲು ಎಂದರೆ ಆಂಜನೇಯ, ಶ್ರೀಪಾದರಾಜರ ಮಠ. ಶ್ರೀನಿವಾಸಪುರ ಎಂದರೆ ಮಾವಿನ ತೋಪು. ಒಂದೊಂದು ಊರಿಗೂ ಒಂದೊಂದು ಗುರುತು. ಆದರೆ ಈ ನಾಲ್ಕು ಊರುಗಳಿಗೂ ಸಮಾನವಾದ ಒಂದು ಸದ್ದು ಒಂದು ಕಾಲಕ್ಕೆ ಇತ್ತು. ಲಾಳ ಕಟ್ಟಿದ ಗೊರಸಿನ ಟಕಟಕ, ಅದರ ಹಿಂದೆಯೇ ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರದ ಗಡಗಡ. ಜಟಕಾಗಾಡಿಯ ಸದ್ದು ಅದು. ಇಂದು ಆ ಸದ್ದು ಕೇಳದು. ಜಟಕಾ ಹೊಡೆಯುವವರ ಬಗ್ಗೆ ಕಥೆಗಳಿವೆ, ಸಿನಿಮಾ ಹಾಡುಗಳಿವೆ. ಆದರೆ ಗಾಡಿಯನ್ನು ಎಳೆದ ಕುದುರೆ ಆ ಕೆಲಸವನ್ನು ಕಲಿತದ್ದು ಹೇಗೆ, ಕಲಿಸಿದವರಾರು ಎಂಬುದನ್ನು ಕೇಳಿದವರು ಕಡಿಮೆ. ಈ ಮಾತುಗಳ ವಿಷಯ ಆ ಕಲಿಕೆ.

ಮೊದಲು ಗಾಡಿಯ ಪರಿಚಯ. ಜಟಕಾ ಎಂಬ ಮಾತು ಕನ್ನಡಕ್ಕೆ ದಖನಿ ಹಿಂದೂಸ್ತಾನಿಯಿಂದ ಬಂದದ್ದು. ‘ಥಟ್ಟನೆ’, ‘ಬೇಗ’ ಎಂಬ ಅರ್ಥದ ಛಾಯೆ ಅದರಲ್ಲಿದೆ. ಭಾರತದಲ್ಲಿದ್ದ ಇಂಗ್ಲಿಷರ ಮಾತಿನಲ್ಲಿ ಸೇರಿಹೋಗಿದ್ದ ದೇಶೀ ಪದಗಳನ್ನು ಒಟ್ಟುಗೂಡಿಸಿ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶ ಇದನ್ನು ಮದರಾಸು ಪ್ರಾಂತ್ಯದ ಊರುಗಳ ಬಾಡಿಗೆ ಗಾಡಿ ಎಂದು ಗುರುತಿಸಿದೆ. ಎರಡು ಚಕ್ರದ ಮೇಲೆ ಕೂರಿಸಿದ ಪೆಟ್ಟಿಗೆ, ಹಿಂದಿನಿಂದ ಹತ್ತುವ ಬಾಗಿಲು ಎಂದು ವರ್ಣಿಸಿ, ಎಳೆಯುವ ತಟ್ಟುವಿನ ಬಡಕಲು ಸ್ಥಿತಿಯ ಬಗೆಗೂ ಒಂದು ಮಾತು ಸೇರಿಸಿದೆ. ಉತ್ತರದ ಟಾಂಗಾದಲ್ಲಿ ಕೂರಲು ಆಸನಗಳಿರುತ್ತವೆ. ದಕ್ಷಿಣದ ಜಟಕಾದಲ್ಲಿ ಆಸನವಿಲ್ಲ. ಹಲಗೆಯ ಮೇಲೆ ಹುಲ್ಲು ಹರಡಿ, ಅದರ ಮೇಲೆ ಚಾಪೆಯನ್ನೋ ಗೋಣಿಯನ್ನೋ ಹಾಸಿ, ಕಾಲು ಮಡಿಸಿಕೊಂಡು ಕೂರಬೇಕು. ತಲೆಯ ಮೇಲೆ ಕಮಾನು. ಹಾಸಿದ ಹುಲ್ಲು ಪ್ರಯಾಣಿಕನಿಗೆ ಮೆತ್ತೆ. ನಿಲ್ದಾಣದಲ್ಲಿ ಕಾಯುವಾಗ ಕುದುರೆಗೆ ಮೇವು. ಒಂದೇ ವಸ್ತುವಿನಲ್ಲಿ ಎರಡು ಉಪಯೋಗ ಕಾಣುವ ಬಡತನದ ಜಾಣತನ ಇದು.

ಜಟಕಾಕ್ಕೆ ಅನ್ನ ಕೊಟ್ಟದ್ದು ರೈಲು. ಈ ಮಾತು ವಿಚಿತ್ರವೆನಿಸಬಹುದು. ಉಗಿಬಂಡಿ ಬಂದ ಮೇಲೆ ಕುದುರೆಗಾಡಿ ಮೂಲೆಗೆ ಸರಿಯಬೇಕಿತ್ತಲ್ಲವೆ? ಆದದ್ದು ಬೇರೆ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಹರಿದಾಗ ಮಾಲೂರು ಆ ದಾರಿಯಲ್ಲಿ ನಿಲ್ದಾಣವಾಯಿತು. ಮುಂದೆ ಬಂಗಾರಪೇಟೆ ಎಂದು ಹೆಸರಾದ ಬೌರಿಂಗ್‌ಪೇಟೆಯೂ ಅದೇ ದಾರಿಯಲ್ಲಿದೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ರೈಲು ಬಂತು. ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಮುಂದುವರಿಯಿತು. ರೈಲು ಜನರನ್ನು ನಿಲ್ದಾಣದಲ್ಲಿ ಇಳಿಸಿ ಹೋಗಿಬಿಡುತ್ತದೆ. ಅಲ್ಲಿಂದ ಪೇಟೆಬೀದಿಗೆ, ಕಚೇರಿಗೆ, ಆಸ್ಪತ್ರೆಗೆ, ಮದುವೆಮನೆಗೆ ತಲುಪಿಸಲು ಯಾರಾದರೂ ಬೇಕು. ಹೆಣ್ಣುಮಕ್ಕಳು, ಮುದುಕರು, ಗಂಟುಮೂಟೆ ಇದ್ದವರು ನಡೆಯುವಂತಿಲ್ಲ. ಎತ್ತಿನ ಗಾಡಿ ನಿಧಾನ. ಆ ಮೈಲಿ ಎರಡು ಮೈಲಿಯ ದಾರಿಯೇ ಜಟಕಾದ ಸಾಮ್ರಾಜ್ಯ. ರೈಲೇ ಇಲ್ಲದ ಮುಳಬಾಗಿಲಿನ ಪಾಡು ಬೇರೆ. ಅದು ಕೋಲಾರದಿಂದ ಮದರಾಸಿಗೆ ಹೋಗುವ ಹೆದ್ದಾರಿಯ ಮೇಲಿನ ಊರು; ಅಲ್ಲಿಯ ಪ್ರಯಾಣಿಕನಿಗೆ ರಸ್ತೆಯೊಂದೇ ಗತಿ.

ಇನ್ನು ಕುದುರೆ. ಜಟಕಾ ಎಳೆದದ್ದು ರಣರಂಗದ ದೊಡ್ಡ ಕುದುರೆಯಲ್ಲ, ತಟ್ಟು. ಕುದುರೆಯ ಎತ್ತರವನ್ನು ನೆಲದಿಂದ ಹೆಗಲಿನ ಮೇಲ್ತುದಿಯವರೆಗೆ ಅಳೆಯುತ್ತಾರೆ. ಇಂಗ್ಲಿಷರ ಲೆಕ್ಕದಲ್ಲಿ ನಾಲ್ಕು ಅಂಗುಲಕ್ಕೆ ಒಂದು ‘ಕೈ’. ಹದಿನಾಲ್ಕು ಕೈ ಮೇಲೆ ಎರಡು ಅಂಗುಲ, ಅಂದರೆ 58 ಅಂಗುಲಕ್ಕಿಂತ ಗಿಡ್ಡನೆಯದು ಸಾಮಾನ್ಯವಾಗಿ ತಟ್ಟುವಿನ ಗುಂಪಿಗೆ ಸೇರುತ್ತದೆ. ದಖನಿನ ಪ್ರಸ್ಥಭೂಮಿಯಲ್ಲಿ ಇಂಥ ಗಿಡ್ಡ, ಗಟ್ಟಿಮುಟ್ಟಾದ ತಳಿಗಳು ಹಿಂದಿನಿಂದಲೂ ಇವೆ. ಭೀಮಾ ನದಿಯ ಬಯಲಿನ ‘ಭೀಮಥಡಿ’ ಕುದುರೆಗೆ ಈಚಿನ ವರ್ಷಗಳಲ್ಲಿ ಸರ್ಕಾರಿ ತಳಿಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಮೇವು ಕಡಿಮೆಯಾದರೂ ಬಾಳುವುದು, ಕಲ್ಲುನೆಲದಲ್ಲಿ ನಡೆಯುವುದು, ಬಿಸಿಲು ತಡೆಯುವುದು ಇವುಗಳ ಗುಣ.

ಕೋಲಾರ ಸೀಮೆಗೆ ಕುದುರೆಯ ಇತಿಹಾಸ ಹೊಸತೇನಲ್ಲ. ಅಶ್ವಬಲವನ್ನೇ ನೆಚ್ಚಿ ಮೇಲೆ ಬಂದ ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. ಮುಂದೆ ಮೈಸೂರು ಸಂಸ್ಥಾನದ ಲ್ಯಾನ್ಸರ್ ದಳ 1918ರಲ್ಲಿ ಪ್ಯಾಲೆಸ್ತೀನಿನ ಹೈಫಾ ನಗರದ ಕದನದಲ್ಲಿ ಪಾಲ್ಗೊಂಡು ಹೆಸರು ಮಾಡಿತು. ಯುದ್ಧದ ಕುದುರೆಗೆ ಶಾಸ್ತ್ರವೂ ಇತ್ತು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಪರಂಪರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ಕನ್ನಡದಲ್ಲಿ ಸುಮಾರು 1400ರ ಅಭಿನವಚಂದ್ರನ ‘ಅಶ್ವವೈದ್ಯ’ – ಇವೆಲ್ಲ ಅರಸರ ಲಾಯಕ್ಕೆ ಸಂಬಂಧಿಸಿದ ವಿದ್ಯೆ. ಜಟಕಾದ ತಟ್ಟುವಿಗೆ ಇಂಥ ಶಾಸ್ತ್ರವನ್ನು ಬರೆದವರಿಲ್ಲ. ಆ ವಿದ್ಯೆ ಗಾಡಿ ಹೊಡೆಯುವವರ ಕೈಯಲ್ಲಿತ್ತು, ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಾಯಿಮಾತಿನಲ್ಲಿ ಸಾಗಿ ಬಂತು. ಗಾಡಿ ಹೊಡೆಯುವವರಲ್ಲಿ ಮುಸ್ಲಿಮರು ಹೆಚ್ಚು. ಜನ ಅವರನ್ನು ‘ಸಾಬರೇ’ ಎಂದು ಕರೆದರು. ಅವರು ಪ್ರಯಾಣಿಕರನ್ನು ‘ಸ್ವಾಮಿ’, ‘ಅಮ್ಮಾವ್ರೆ’ ಎಂದರು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಬೆರೆತ ಸೀಮೆ ಇದು. ಗಿರಾಕಿಯೊಡನೆ ಆತನ ಭಾಷೆ, ಕುದುರೆಯೊಡನೆ ಮನೆಯ ಭಾಷೆ.

ಎತ್ತನ್ನು ಗಾಡಿಗೆ ಹೂಡುವ ರೈತನಿಗೆ ಕುದುರೆಯನ್ನು ಹೂಡುವುದು ಬೇರೆಯೇ ವಿದ್ಯೆ. ಎತ್ತಿಗೆ ಹೆಗಲ ಮೇಲೆ ಡುಬ್ಬವಿದೆ. ನೊಗ ಅದಕ್ಕೆ ಆತು ನಿಲ್ಲುತ್ತದೆ. ಕುದುರೆಗೆ ಡುಬ್ಬವಿಲ್ಲ. ಅದರ ಕುತ್ತಿಗೆಗೆ ನೊಗದಂಥದ್ದನ್ನು ಬಿಗಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಕುದುರೆಗೆ ಎದೆಪಟ್ಟಿ ಬೇಕು. ಕುದುರೆ ಗಾಡಿಯನ್ನು ಎಳೆಯುತ್ತದೆ ಎನ್ನುವುದು ವಾಡಿಕೆ; ನಿಜವಾಗಿ ಅದು ಎದೆಪಟ್ಟಿಯನ್ನು ಮುಂದಕ್ಕೆ ತಳ್ಳುತ್ತದೆ. ಪಟ್ಟಿಗೆ ಸೇರಿದ ಮಿಣಿ ಗಾಡಿಯನ್ನು ಎಳೆಯುತ್ತದೆ. ಬೆನ್ನಿನ ಮೇಲಿನ ಮೆತ್ತೆಯ ಜೀನು ಎರಡು ಮೂಕಿಮರಗಳ ಭಾರ ಹೊರುತ್ತದೆ. ಹೊಟ್ಟೆಪಟ್ಟಿ ಆ ಮರಗಳು ಮೇಲಕ್ಕೆ ಏಳದಂತೆ ಹಿಡಿಯುತ್ತದೆ. ತೊಡೆಯ ಹಿಂದೆ ಸುತ್ತುವ ಹಿಂಪಟ್ಟಿ ಇಳಿಜಾರಿನಲ್ಲಿ ಗಾಡಿ ಕುದುರೆಯ ಕಾಲಿಗೆ ಬಡಿಯದಂತೆ ತಡೆಯುತ್ತದೆ. ಈ ಪಟ್ಟಿಗಳಲ್ಲಿ ಯಾವುದೊಂದು ಒರಟಾಗಿದ್ದರೂ, ಸಡಿಲವಾಗಿದ್ದರೂ ಅದರ ಲೆಕ್ಕ ಕುದುರೆಯ ಚರ್ಮದ ಮೇಲೆ ಬರೆದಿರುತ್ತದೆ.

ಈಗ ಪಾಠ. ಮರಿಯ ವಯಸ್ಸನ್ನು ಮೊದಲು ನೋಡಬೇಕು. ಜಾತಕ ಬೇಕಿಲ್ಲ, ಬಾಯಿ ತೆರೆಸಿದರೆ ಸಾಕು. ಮುಂಭಾಗದ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಬಿದ್ದು ಕಾಯಂ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಕೊನೆಯ ಜೋಡಿ ನಾಲ್ಕೂವರೆಗೆ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಕಾಲಿನ ಮೂಳೆಗಳು ಬಲಿತ ಮೇಲೂ ಬೆನ್ನಿನ ಮೂಳೆಗಳು ಬಲಿಯಲು ಐದು ವರ್ಷ ದಾಟಬೇಕು. ಆದ್ದರಿಂದ ಪಾಠವನ್ನು ಬೇಗ ಆರಂಭಿಸಬಹುದು; ಪೂರ್ತಿ ಭಾರವನ್ನು ತಡವಾಗಿಯೇ ಹಾಕಬೇಕು. ಹೊಟ್ಟೆಪಾಡಿನ ಅವಸರಕ್ಕೆ ಎರಡು ವರ್ಷದ ಮರಿಯನ್ನು ಗಾಡಿಗೆ ಕಟ್ಟಿದವನು ಎಂಟು ವರ್ಷಕ್ಕೆ ಕುಂಟುವ ಕುದುರೆಯನ್ನು ಪಡೆಯುತ್ತಾನೆ.

ಮೊದಲ ಪಾಠ, ಮುಟ್ಟಿಸಿಕೊಳ್ಳುವುದು. ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಹುಲ್ಲುಗಾವಲಿನಲ್ಲಿ ಅದರ ಪೂರ್ವಜರು ಬದುಕಿದ್ದು ಹೋರಾಡಿ ಅಲ್ಲ, ಓಡಿ. ಹೊಸದು ಕಂಡರೆ ಮೊದಲು ಓಡು, ಆಮೇಲೆ ನೋಡು ಎಂಬುದು ಅದರ ರಕ್ತದಲ್ಲಿದೆ. ಆದ್ದರಿಂದ ಕೈಯಿಂದ ಕುತ್ತಿಗೆ, ಬೆನ್ನು, ಹೊಟ್ಟೆಯ ಅಡಿ, ಕೊನೆಗೆ ಕಾಲುಗಳನ್ನು ಸವರಿ ಅಭ್ಯಾಸ ಮಾಡಿಸಬೇಕು. ನಾಲ್ಕೂ ಗೊರಸುಗಳನ್ನು ಒಂದೊಂದಾಗಿ ಎತ್ತಿ ಹಿಡಿಯಲು ಬಿಡಬೇಕು. ಹಾಗೆ ಬಿಡದ ಕುದುರೆಗೆ ನಾಳೆ ಲಾಳ ಹೊಡೆಯುವವನು ಏನು ಮಾಡಿಯಾನು? ಆಮೇಲೆ ಮುಖಕ್ಕೆ ಹಗ್ಗ ಹಾಕಿ, ಮನುಷ್ಯನ ಪಕ್ಕದಲ್ಲಿ ನಡೆಯುವುದು, ನಿಲ್ಲು ಎಂದಾಗ ನಿಲ್ಲುವುದು. ನಿಲ್ಲುವುದನ್ನು ಓಡುವುದಕ್ಕಿಂತ ಮೊದಲು ಕಲಿಸಬೇಕು. ಓಟವನ್ನು ಕುದುರೆಗೆ ಯಾರೂ ಕಲಿಸಬೇಕಾಗಿಲ್ಲ.

ಎರಡನೆಯ ಪಾಠ, ಕಡಿವಾಣ. ಕುದುರೆಯ ಬಾಯಲ್ಲಿ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪಿದೆ. ಕಡಿವಾಣದ ಕಂಬಿ ಕೂರುವುದು ಅಲ್ಲಿ. ತೆಳುವಾದ ಒಸಡಿನ ಕೆಳಗೇ ಮೂಳೆ. ಹಾಗಾಗಿ ಜಾಗ ಬಹಳ ಸೂಕ್ಷ್ಮ. ಮೊದಲ ದಿನಗಳಲ್ಲಿ ಲಗಾಮನ್ನೇ ಸೇರಿಸದೆ ಬರಿಯ ಕಂಬಿಯನ್ನು ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಳ್ಳಲು ಬಿಡುತ್ತಾರೆ. ಬೆಲ್ಲ ಸವರಿದರೆ ಒಪ್ಪಿಗೆ ಬೇಗ ಸಿಗುತ್ತದೆ. ಬೆಲೆಯೇರಿಕೆಗೆ ಕಡಿವಾಣ, ಖರ್ಚಿಗೆ ಕಡಿವಾಣ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಆ ಬಳಕೆಯಲ್ಲಿ ಕಡಿವಾಣ ಎಂದರೆ ತಡೆ. ಗಾಡಿ ಹೊಡೆಯುವವನಿಗೆ ಅದು ಮಾತಾಡುವ ದಾರಿ. ಬೆರಳಿನ ಒಂದು ಅಲುಗಿನಿಂದ ಎಡಕ್ಕೆ, ಇನ್ನೊಂದು ಅಲುಗಿನಿಂದ ಬಲಕ್ಕೆ. ಜಗ್ಗಿ ಜಗ್ಗಿ ಬಾಯಿ ಜಡ್ಡುಗಟ್ಟಿದರೆ ಆ ಮಾತು ಮುಂದೆ ಕೇಳಿಸುವುದೇ ಇಲ್ಲ. ಆಗ ಚಾವಟಿಯೊಂದೇ ಉಳಿಯುತ್ತದೆ.

ಮೂರನೆಯದು ಉದ್ದ ಲಗಾಮಿನ ನಡಿಗೆ. ಇಷ್ಟು ದಿನ ಪಕ್ಕದಲ್ಲಿದ್ದ ಮನುಷ್ಯ ಈಗ ಹಿಂದೆ ಸರಿಯುತ್ತಾನೆ. ಉದ್ದನೆಯ ಎರಡು ಹಗ್ಗ ಹಿಡಿದು ಕುದುರೆಯ ಹಿಂದೆ ನಡೆಯುತ್ತಾನೆ, ಒದೆಯ ಅಳತೆಯ ಹೊರಗೆ. ಕುದುರೆಗೆ ಇದು ದೊಡ್ಡ ಪರೀಕ್ಷೆ. ಅದರ ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಸುತ್ತಲಿನ 360 ಡಿಗ್ರಿಗಳಲ್ಲಿ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದ ಜಾಗಗಳು ಎರಡೇ: ಮೂಗಿನ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ. ಗಾಡಿ ಬಂದು ನಿಲ್ಲುವುದು ಸರಿಯಾಗಿ ಆ ಕಾಣದ ಜಾಗದಲ್ಲಿ. ಹಿಂದೆ ಇರುವ ಧ್ವನಿಯನ್ನು ನಂಬಿ ಮುಂದೆ ನಡೆಯಲು ಕಲಿಯುವುದೇ ಗಾಡಿ ಕುದುರೆಯ ನಿಜವಾದ ಶಿಕ್ಷಣ. ನಾಲಿಗೆ ಲೊಚಗುಟ್ಟಿದರೆ ಹೊರಡು, ಎಳೆದು ನುಡಿದರೆ ನಿಧಾನ, ಗಟ್ಟಿಯಾಗಿ ಒಂದು ಮಾತು ಎಂದರೆ ನಿಲ್ಲು. ಪ್ರತಿಯೊಂದಕ್ಕೂ ಒಂದೇ ಸದ್ದು, ಪ್ರತಿದಿನವೂ ಅದೇ ಸದ್ದು.

ನಾಲ್ಕನೆಯದು ಸದ್ದಿನ ಪಾಠ. ಮೊದಲು ಪಟ್ಟಿಗಳನ್ನು ಮಾತ್ರ ಕಟ್ಟಿ ನಡೆಸುವುದು. ಬಳಿಕ ಒಂದು ಮರದ ತುಂಡನ್ನೋ ಹಳೆಯ ಟೈರನ್ನೋ ಹಗ್ಗದಿಂದ ಎಳೆಸುವುದು. ಹಿಂದೆ ಏನೋ ಕೆರೆಯುತ್ತ ಅಟ್ಟಿಸಿಕೊಂಡು ಬರುತ್ತಿದೆ, ಓಡಿದರೆ ಅದೂ ಓಡಿ ಬರುತ್ತದೆ, ನಿಂತರೆ ಅದೂ ನಿಲ್ಲುತ್ತದೆ ಎಂಬುದು ಕುದುರೆಗೆ ತಿಳಿಯಬೇಕು. ತಿಳಿದ ಗಳಿಗೆಯಲ್ಲಿ ಭಯ ಅರ್ಧ ಇಳಿಯುತ್ತದೆ. ಆಮೇಲೆ ಎರಡೂ ಪಕ್ಕಕ್ಕೆ ಬಿದಿರಿನ ಗಳು ಕಟ್ಟಿ ನಡೆಸುತ್ತಾರೆ. ತಿರುಗುವಾಗ ಗಳು ಪಕ್ಕೆಗೆ ಒತ್ತುತ್ತದೆ. ಮೂಕಿಮರದ ನಡುವೆ ತಿರುಗುವ ಕುದುರೆ ಹುಲ್ಲುಗಾವಲಿನಲ್ಲಿ ತಿರುಗಿದಂತೆ ಮೈ ಬಳುಕಿಸಲಾಗದು, ಹೆಜ್ಜೆಯ ಮೇಲೆ ಹೆಜ್ಜೆ ಅಡ್ಡಲಾಗಿ ಇಟ್ಟು ತಿರುಗಬೇಕು. ಇದನ್ನು ಗಾಡಿ ಕಟ್ಟುವ ಮೊದಲೇ ಕಲಿತಿರಬೇಕು.

ಕೊನೆಗೆ ಖಾಲಿ ಗಾಡಿ. ಇಬ್ಬರು ಎರಡು ಕಡೆ ಹಿಡಿದು, ಮೂರನೆಯವನು ಗಾಡಿಯನ್ನು ಕೈಯಿಂದ ತಂದು ಕುದುರೆಯ ಹಿಂದೆ ಇಳಿಸುತ್ತಾನೆ. ಸಮನೆಲ, ತೆರೆದ ಬಯಲು, ಬೆಳಗಿನ ತಂಪು. ಮೊದಲ ದಿನ ಹತ್ತು ಮಾರು ನಡೆದರೂ ಸಾಕು. ಹೆದರದೆ ನಡೆದ ಹತ್ತು ಮಾರಿನ ಬೆಲೆ ಹೆದರಿ ಓಡಿದ ಒಂದು ಮೈಲಿಗಿಲ್ಲ. ಒಮ್ಮೆ ಗಾಡಿಸಮೇತ ಬೆದರಿ ಓಡಿದ ಕುದುರೆ ಅದನ್ನು ಬಾಳೆಲ್ಲ ಮರೆಯದು. ಕಣ್ಣುಪಟ್ಟಿ ಬರುವುದು ಈ ಹಂತದಲ್ಲಿ. ಪಕ್ಕದ ಮತ್ತು ಹಿಂದಿನ ನೋಟವನ್ನು ಅದು ಮರೆಮಾಡಿ ಮುಂದಿನ ದಾರಿಯನ್ನು ಮಾತ್ರ ಉಳಿಸುತ್ತದೆ. ಏನನ್ನೂ ವಿಚಾರಿಸದೆ ದುಡಿಯುವವನನ್ನು ಕನ್ನಡದಲ್ಲಿ ಜಟಕಾ ಕುದುರೆಗೆ ಹೋಲಿಸುವುದು ಇದರಿಂದಲೇ. ಆ ಹೋಲಿಕೆ ಕುದುರೆಗೆ ಸ್ವಲ್ಪ ಅನ್ಯಾಯ ಮಾಡುತ್ತದೆ. ಕಣ್ಣು ಮುಚ್ಚಿದ್ದರೂ ಅದರ ಕಿವಿಗಳೆರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತ ಹಿಂದಿನವನ ಉಸಿರನ್ನೂ ಕೇಳುತ್ತಿರುತ್ತವೆ.

ಪಾಠ ಮುಗಿದ ಮೇಲೆ ಸಾಕಣೆ. ಕುದುರೆಯ ಮುಖ್ಯ ಆಹಾರ ಹುಲ್ಲು. ಗರಿಕೆ ಸಿಕ್ಕರೆ ಹಬ್ಬ. ದುಡಿಯುವ ಕುದುರೆಗೆ ಅದರ ಮೇಲೆ ಕಾಳು ಬೇಕು. ಕೋಲಾರದ ಬೆದ್ದಲು ಹೊಲಗಳಲ್ಲಿ ಬೆಳೆಯುವ ಹುರುಳಿಗೆ ಇಂಗ್ಲಿಷರು ‘ಕುದುರೆಯ ಕಾಳು’ ಎಂಬರ್ಥದ ಹೆಸರನ್ನೇ ಇಟ್ಟರು. ಅದನ್ನು ನೆನೆಸಿ ಅಥವಾ ಬೇಯಿಸಿ ಕೊಡಬೇಕು. ಒಣ ಕಾಳು ಹೊಟ್ಟೆಯಲ್ಲಿ ಉಬ್ಬುತ್ತದೆ. ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ಅದಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಹೊಟ್ಟೆಶೂಲೆ ಬಂದ ಕುದುರೆ ನೆಲದಲ್ಲಿ ಹೊರಳಿ ಹೊರಳಿ ಒಂದೇ ರಾತ್ರಿಯಲ್ಲಿ ಸಾಯಬಹುದು. ಸ್ವಲ್ಪ ಸ್ವಲ್ಪ, ಹಲವು ಸಲ, ಹೊತ್ತಿಗೆ ಸರಿಯಾಗಿ ಎಂಬುದೇ ಮೇವಿನ ನಿಯಮ. ನೀರು ದಿನಕ್ಕೆ 20ರಿಂದ 40 ಲೀಟರ್. ನಿತ್ಯ ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೇ ನಂಬಿದ ಜಿಲ್ಲೆಯಲ್ಲಿ ಬರ ಬಿದ್ದ ವರ್ಷ ಇದು ಸಣ್ಣ ಮಾತಲ್ಲ. ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಲಾಳ ಬಿಚ್ಚಿ, ಗೊರಸು ಕೊರೆದು, ಮತ್ತೆ ಹೊಡೆಸಬೇಕು.

ಹೀಗೆ ಬೇಡಿಕೆಗಳನ್ನು ಒಂದೊಂದಾಗಿ ಕೂಡಿದರೆ ಜಟಕಾದ ಕಷ್ಟ ಅರ್ಥವಾಗುತ್ತದೆ. ಬಾಡಿಗೆ ಬಂದರೂ ಬಾರದಿದ್ದರೂ ಕುದುರೆ ತಿನ್ನಲೇಬೇಕು. ಮೋಟಾರನ್ನು ನಿಲ್ಲಿಸಿದರೆ ಅದು ಎಣ್ಣೆ ಕುಡಿಯದು. ಕುದುರೆ ನಿಂತರೂ ಮೇಯುತ್ತದೆ. ಆದಾಯ ಕಡಿಮೆಯಾದ ದಿನ ಗಾಡಿಯವನು ಎರಡು ಕಡೆ ಹಣ ಉಳಿಸಬಲ್ಲ: ಹುರುಳಿಯಲ್ಲಿ ಮತ್ತು ಲಾಳದಲ್ಲಿ. ಒಂದು ಕಡೆ ಹಣ ಹೆಚ್ಚಿಸಬಲ್ಲ: ಇನ್ನೊಬ್ಬ ಪ್ರಯಾಣಿಕನನ್ನು ಹತ್ತಿಸಿಕೊಳ್ಳುವುದರಲ್ಲಿ. ಮೂರರ ಹೊರೆಯೂ ಬೀಳುವುದು ಕುದುರೆಯ ಮೇಲೆ. ಜಟಕಾ ಕುದುರೆಯ ಎಲುಬು ಕಾಣುವ ಪಕ್ಕೆ ನೋಡಿ ಗಾಡಿಯವನನ್ನು ನಿರ್ದಯಿ ಎಂದವರು ಬಹಳ. ಕೆಲವರು ನಿರ್ದಯಿಗಳಿದ್ದಿರಲೂ ಬಹುದು. ಆದರೆ ಮೂರಾಣೆ ಕೇಳಿದ ಕಡೆ ಎರಡಾಣೆಗೆ ಚೌಕಾಸಿ ಮಾಡಿ, ಐದು ಜನ ಹತ್ತಿ ಕುಳಿತು, ‘ಬೇಗ ಹೊಡಿ ಸಾಬಿ’ ಎಂದ ಪ್ರಯಾಣಿಕನ ಪಾಲೂ ಅದರಲ್ಲಿತ್ತು.

ಭಾರದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬಹುದು. ದಿನವಿಡೀ ದುಡಿಯುವ ಕುದುರೆ ತನ್ನ ಮೈತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಬಲವನ್ನು ಸತತವಾಗಿ ಹಾಕಬಲ್ಲದು. 250 ಕಿಲೋ ತೂಗುವ ತಟ್ಟು ಎಂದಿಟ್ಟುಕೊಂಡರೆ, 25 ಕಿಲೋ ಎಳೆತ. ಸಮನಾದ ಗಟ್ಟಿ ರಸ್ತೆಯಲ್ಲಿ ಚಕ್ರ ಸುಲಭವಾಗಿ ಉರುಳುವುದರಿಂದ ಈ ಅಲ್ಪ ಬಲಕ್ಕೂ ನೂರಾರು ಕಿಲೋ ಭಾರದ ಗಾಡಿ ಸಾಗುತ್ತದೆ. ಏರು ಬಂದಾಗ ಲೆಕ್ಕ ಬದಲಾಗುತ್ತದೆ. 20 ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ 400 ಕಿಲೋ ಗಾಡಿಗೆ ಹೆಚ್ಚುವರಿಯಾಗಿ 20 ಕಿಲೋ ಎಳೆತ ಬೇಕು. ಕಣ್ಣಿಗೆ ಕಾಣದಷ್ಟು ಮೆಲ್ಲಗಿನ ಏರು ಅದು. ಕುದುರೆಗೆ ಮಾತ್ರ ಕೆಲಸ ಇಮ್ಮಡಿಯಾಗಬಹುದು. ಏರಿನಲ್ಲಿ ಗಂಡಸರು ಇಳಿದು ನಡೆಯಬೇಕೆಂಬ ಹಳೆಯ ರೂಢಿಯಲ್ಲಿ ಮರ್ಯಾದೆಯೂ ಇತ್ತು, ಗಣಿತವೂ ಇತ್ತು.

ಎರಡು ಚಕ್ರದ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾರ ಅಚ್ಚಿನ ಮೇಲೆ ಸಮನಾಗಿ ಕೂರಬೇಕು. ಎಲ್ಲರೂ ಮುಂದೆ ಕುಳಿತರೆ ಮೂಕಿಮರ ಕುದುರೆಯ ಬೆನ್ನನ್ನು ಒತ್ತುತ್ತದೆ. ಎಲ್ಲರೂ ಹಿಂದೆ ಕುಳಿತರೆ ಮರಗಳು ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನೇ ಎತ್ತಲು ನೋಡುತ್ತದೆ. ಹೆಜ್ಜೆಗೆ ನೆಲದ ಹಿಡಿತ ತಪ್ಪುತ್ತದೆ. ‘ಸ್ವಲ್ಪ ಮುಂದೆ ಬನ್ನಿ ಸ್ವಾಮಿ’, ‘ಅಮ್ಮಾವ್ರೆ, ಒಂಚೂರು ಹಿಂದಕ್ಕೆ’ ಎಂಬ ಮಾತು ಇದಕ್ಕಾಗಿಯೇ. ಕಿರಿಕಿರಿ ಎಂದುಕೊಂಡ ಪ್ರಯಾಣಿಕರಿಗೆ ಆ ಮಾತು ಕುದುರೆಯ ಪರವಾಗಿ ಆಡಿದ್ದೆಂದು ತಿಳಿದಿರಲಿಕ್ಕಿಲ್ಲ.

ಕಾನೂನು ಈ ವಿಷಯಕ್ಕೆ ಬಂದದ್ದು ಜಟಕಾದ ಇಳಿಗಾಲದಲ್ಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರ ಅಡಿಯಲ್ಲಿ ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ನಿಯಮಗಳು ಬಂದವು. ಅವುಗಳ ಪ್ರಕಾರ ತಟ್ಟು ಎಳೆಯುವ ಎರಡು ಚಕ್ರದ ಗಾಡಿಗೆ ಗಾಳಿ ತುಂಬಿದ ಟೈರು ಇದ್ದರೆ 600 ಕಿಲೋ, ಇಲ್ಲದಿದ್ದರೆ 400 ಕಿಲೋ ಮಿತಿ. ಗಾಡಿಯವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಕೂರುವಂತಿಲ್ಲ. ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವಿಲ್ಲ. ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ ನಿಷಿದ್ಧ. ಈ ನಿಯಮಗಳು ಇಂದಿಗೂ ಇವೆ. ಆದರೆ ಇವು ಬರುವ ಹೊತ್ತಿಗೆ ಜಟಕಾಕ್ಕೆ ಎದುರಾಳಿ ಹುಟ್ಟಿಕೊಂಡಿದ್ದ. 1948ರಲ್ಲಿ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಆರಂಭವಾಗಿ ಬಸ್ಸು ಊರೂರನ್ನು ಮುಟ್ಟತೊಡಗಿತ್ತು. ನಿಲ್ದಾಣದಿಂದ ಮನೆಗೆ ಹೋಗುವ ಆ ಕೊನೆಯ ಮೈಲಿಯನ್ನು ಆಟೋರಿಕ್ಷಾ ಕಸಿದುಕೊಂಡಿತು. ಕುದುರೆ ಭಾರದಿಂದ ಬಿಡುಗಡೆಯಾದದ್ದು ಕಾನೂನಿನಿಂದ ಅಲ್ಲ, ಕೆಲಸ ಇಲ್ಲವಾದದ್ದರಿಂದ. ಕೆಲಸವಿಲ್ಲದ ಕುದುರೆಯನ್ನು ಸಾಕುವ ಶಕ್ತಿ ಗಾಡಿಯವನಿಗಿರಲಿಲ್ಲ ಎಂಬುದನ್ನೂ ಜೊತೆಗೆ ನೆನೆಯಬೇಕು.

ಹೊರದೇಶಗಳಲ್ಲಿ ಪುಟ್ಟ ಕುದುರೆಗಳ ಕಥೆ ಬೇರೆ ದಾರಿ ಹಿಡಿಯಿತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ತಟ್ಟು 42 ಅಂಗುಲ ಮೀರದು. 1842ರಲ್ಲಿ ಬ್ರಿಟನ್ನಿನ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯ ಒಳಗೆ ದುಡಿಸಬಾರದೆಂದಾಗ, ಅವರು ಎಳೆಯುತ್ತಿದ್ದ ಕಲ್ಲಿದ್ದಲ ತಳ್ಳುಬಂಡಿಗಳಿಗೆ ಈ ಗಿಡ್ಡ ತಟ್ಟುಗಳನ್ನು ಕಟ್ಟಿದರು. ಮಕ್ಕಳ ಮೇಲಿನ ದಯೆಯ ಬೆಲೆಯನ್ನು ತಟ್ಟುಗಳು ಕತ್ತಲೆಯಲ್ಲಿ ತೆತ್ತವು. ಬ್ರಿಟನ್ನಿನ ಗಣಿಯ ಕೊನೆಯ ತಟ್ಟು ನಿವೃತ್ತವಾದದ್ದು 1999ರಲ್ಲಿ. ಅರ್ಜೆಂಟೀನದಲ್ಲಿ ಫಲಾಬೆಲ್ಲಾ ಎಂಬ ಕುಳ್ಳ ತಳಿ ಬೆಳೆಯಿತು. ಅಮೆರಿಕದಲ್ಲಿ 34 ಅಂಗುಲ ಮೀರದ ಕಿರುಗುದುರೆಗಳಿಗೆ ಪ್ರತ್ಯೇಕ ವಂಶಾವಳಿ ಪಟ್ಟಿಯೇ ಇದೆ. ದೊಡ್ಡವರು ಅವುಗಳ ಮೇಲೆ ಸವಾರಿ ಮಾಡಲಾಗದು. ಆದರೆ ಹಗುರವಾದ ಎರಡು ಚಕ್ರದ ಬಂಡಿಗೆ ಕಟ್ಟಿ ಓಡಿಸುವುದು ಅಲ್ಲಿ ಮೆಚ್ಚಿನ ಹವ್ಯಾಸ. ಅವುಗಳಿಗೆ ಕಲಿಸುವ ಕ್ರಮವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮುಟ್ಟಿಸಿಕೊಳ್ಳುವುದು, ಉದ್ದ ಲಗಾಮಿನ ನಡಿಗೆ, ಟೈರು ಎಳೆಸುವುದು, ಬಿದಿರು ಗಳುವಿನಂಥ ಕೋಲುಗಳ ನಡುವೆ ತಿರುಗಿಸುವುದು, ಕೊನೆಗೆ ಖಾಲಿ ಬಂಡಿ – ಅದೇ ಮೆಟ್ಟಿಲುಗಳು. ಅಲ್ಲಿ ಅದನ್ನು ಪುಸ್ತಕಗಳಲ್ಲಿ ಬರೆದಿದ್ದಾರೆ, ಶಾಲೆಗಳಲ್ಲಿ ಕಲಿಸುತ್ತಾರೆ. ಕುದುರೆಯ ಭಯ ಎಲ್ಲ ದೇಶದಲ್ಲಿಯೂ ಒಂದೇ ಆದ್ದರಿಂದ ಭಯ ಕಳೆಯುವ ದಾರಿಯೂ ಒಂದೇ ಆಗಿದೆ.

ಕೋಲಾರ ಸೀಮೆಯ ಜಟಕಾ ಸಾಹಿತ್ಯದಲ್ಲಿ ಉಳಿದುಕೊಂಡಿತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಯೌವನದ ಕಷ್ಟದ ದಿನಗಳಲ್ಲಿ ಬೆಂಗಳೂರಿನಲ್ಲಿ ಜಟಕಾಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ದುಡಿದವರು. 1943ರಲ್ಲಿ ಪ್ರಕಟವಾದ ಅವರ ‘ಮಂಕುತಿಮ್ಮನ ಕಗ್ಗ’ದ ಪ್ರಸಿದ್ಧ ಪದ್ಯವೊಂದರಲ್ಲಿ ಜೀವನವೇ ಆ ಗಾಡಿ, ವಿಧಿ ಅದನ್ನು ಹೊಡೆಯುವವನು, ಮನುಷ್ಯ ಅದರ ಕುದುರೆ. ಆ ಹೋಲಿಕೆಯನ್ನು ಓದಿದವರು ಅದರ ವೇದಾಂತವನ್ನು ಮೆಚ್ಚುತ್ತಾರೆ. ಜಟಕಾದ ಲಾಯವನ್ನು ಬಲ್ಲವರಿಗೆ ಇನ್ನೂ ಒಂದು ಅರ್ಥ ಹೊಳೆಯುತ್ತದೆ. ಹಿಂದೆ ಕುಳಿತವನು ಕುದುರೆಗೆ ಕಾಣುವುದಿಲ್ಲ. ಅವನ ಧ್ವನಿಯನ್ನೂ ಲಗಾಮಿನ ಅಲುಗನ್ನೂ ನಂಬಿ ಅದು ನಡೆಯುತ್ತದೆ.

ಈಗ ಇದೆಲ್ಲ ಏಕೆ ಬೇಕು ಎಂದು ಕೇಳಬಹುದು. ಗಾಡಿ ಎಳೆಯುವ ಕುದುರೆ ಇನ್ನೂ ಪೂರ್ತಿ ಮರೆಯಾಗಿಲ್ಲ. ಮೈಸೂರಿನಲ್ಲಿ ಪ್ರವಾಸಿಗರಿಗಾಗಿ ಟಾಂಗಾ, ಸಾರೋಟುಗಳಿವೆ. ಮದುವೆಯ ಮೆರವಣಿಗೆಗೆ ಅಲಂಕರಿಸಿದ ಸಾರೋಟು ಊರೂರಿನಲ್ಲಿ ಬರುತ್ತದೆ. ಹಳೆಯ ಜಟಕಾ ಕುದುರೆ ಎದುರಿಸಿದ್ದು ರೈಲಿನ ಕೂಗನ್ನು, ಸಂತೆಯ ಗದ್ದಲವನ್ನು. ಇಂದಿನ ಸಾರೋಟಿನ ಕುದುರೆ ಎದುರಿಸುವುದು ಧ್ವನಿವರ್ಧಕದ ಅಬ್ಬರ, ಕಣ್ಣು ಕೋರೈಸುವ ದೀಪ, ಕಾಲಬುಡದಲ್ಲಿ ಸಿಡಿಯುವ ಪಟಾಕಿ. ಹಾಗೆ ನೋಡಿದರೆ ಪಾಠ ಈಗಲೇ ಹೆಚ್ಚು ಬೇಕು. ಆದರೆ ಪಾಠ ಹೇಳುತ್ತಿದ್ದ ಮನೆಗಳು ಆ ಕಸುಬನ್ನು ಬಿಟ್ಟಿವೆ. ತಿಂಗಳುಗಟ್ಟಲೆ ಕಲಿಸುವ ತಾಳ್ಮೆಯ ಜಾಗದಲ್ಲಿ ಬಿಗಿಯಾದ ಲಗಾಮು ಬಂದು ಕುಳಿತರೆ, ಬೆದರಿದ ಕುದುರೆ ಜನಜಂಗುಳಿಯ ನಡುವೆ ನುಗ್ಗುವುದು ಯಾವತ್ತೋ ಒಂದು ದಿನ ಆಗಿಯೇ ಆಗುತ್ತದೆ. ಆಗ ತಪ್ಪು ಯಾರದೆಂದು ಕುದುರೆಯನ್ನು ಕೇಳಲಾಗದು.

ಆದ್ದರಿಂದ ಸಾರೋಟು ಗೊತ್ತು ಮಾಡುವವರು ಬಣ್ಣ, ಜರಿ, ದೀಪಗಳನ್ನು ನೋಡುವ ಮುನ್ನ ನಾಲ್ಕು ಜಾಗ ನೋಡಲಿ. ಎದೆಪಟ್ಟಿ, ಜೀನುಗಳ ಕೆಳಗೆ ಹುಣ್ಣಿದೆಯೆ? ಬಾಯಿಯ ಮೂಲೆಯಲ್ಲಿ ಗಾಯವಿದೆಯೆ? ನಡೆಯುವಾಗ ತಲೆ ಒಂದೇ ಹೆಜ್ಜೆಗೆ ಮೇಲೆ ಕೆಳಗೆ ಆಡುತ್ತದೆಯೆ? ಹಾಗಾದರೆ ಅದು ಕುಂಟುತ್ತಿದೆ. ಹಿಂದಿನಿಂದ ಒಂದು ಮಾತು ಕೇಳಿದರೆ ಕಿವಿಗಳು ನೆಮ್ಮದಿಯಿಂದ ತಿರುಗುತ್ತವೆಯೆ, ಇಲ್ಲ ತಲೆಗೆ ಒತ್ತಿಕೊಂಡು ಮೈ ಬಿಗಿಯಾಗುತ್ತದೆಯೆ? ಕಲಿತ ಕುದುರೆಯನ್ನೂ ಹೊಡೆತ ತಿಂದ ಕುದುರೆಯನ್ನೂ ಬೇರ್ಪಡಿಸಲು ಇಷ್ಟು ಸಾಕು. ಮೆರವಣಿಗೆಯ ಮುಂದೆ ಪಟಾಕಿ ಬೇಡ ಎಂದು ಸಾರೋಟಿನವನು ಕೈಮುಗಿದು ಕೇಳಿಕೊಂಡರೆ ಅವನ ಮಾತಿಗೆ ಬೆಲೆ ಕೊಡುವುದು ಒಳ್ಳೆಯದು. ಆ ಕಸುಬನ್ನು ಬಲ್ಲವನ ಮಾತು ಅದು.